ಮಾರಿಹೋದ ಎಂಜಿನು ಮನೆಗೆ ಬಂದ ಕಥೆ

ಸಂಸಾರದಲ್ಲಿ ನಾಚಿಕೆಯ ಪ್ರಸಂಗಗಳು ಹಲವು. ಬೇಡವೆಂದು ಮಾರಿದ ಒರಳುಕಲ್ಲನ್ನು ಕೆಲವು ದಿನ ಕಳೆದ ಮೇಲೆ, ಅದನ್ನು ಕೊಂಡವರ ಮನೆ ಬಾಗಿಲಿಗೇ ಹೋಗಿ, 'ಸ್ವಾಮಿ, ಅದನ್ನು ನಮಗೇ ಹಿಂದಕ್ಕೆ ಕೊಟ್ಟುಬಿಡಿ' ಎಂದು ಕೇಳಬೇಕಾಗಿ ಬರುವುದು ಅವುಗಳಲ್ಲೊಂದು. ನಮ್ಮ ಮನೆಯಲ್ಲಿ ಒಮ್ಮೆ ಹೀಗಾಯಿತು. ಕೇಳಲು ಹೋಗಬೇಕಾದವರು ಯಾರು ಎಂಬ ಚರ್ಚೆಯಲ್ಲೇ ಒಂದು ವಾರ ಕಳೆಯಿತು. ಅಷ್ಟು ದಿನವೂ ದೋಸೆಯಿಲ್ಲ. ನಾನು ಈಗ ಹೇಳಹೊರಟಿರುವುದು, ಆ ಕಾಲಕ್ಕೆ ಲೋಕದಲ್ಲೇ ಅತಿ ದೊಡ್ಡದಾಗಿದ್ದ ಮೋಟಾರು ಸಂಸ್ಥೆಗೂ ಇಂಥದೇ ಗತಿ ಬಂದ ಕಥೆ. ಒರಳುಕಲ್ಲಿನ ಬದಲು ಅಲ್ಲಿ ಒಂದು ಎಂಜಿನು. ಅದನ್ನು ಹೊತ್ತು ಓಡಿದ ಗಾಡಿಗಳನ್ನು ಅಮೆರಿಕದ ಕೆಲವರು ಇಂದಿಗೂ ದೇವರ ಉತ್ಸವಮೂರ್ತಿಯಂತೆ ಒರಸಿ, ಬೆಳಗಿ, ಹೊದಿಕೆ ಹೊದಿಸಿ ಇಟ್ಟುಕೊಂಡಿದ್ದಾರೆ.

ಗಾಡಿಯ ಜಾತಿಯನ್ನು ಮೊದಲು ಹೇಳಿಬಿಡುತ್ತೇನೆ. 'ಕೂಪೆ' ಎಂಬುದು ಫ್ರೆಂಚರ ಮಾತು. ಕತ್ತರಿಸಿದ್ದು ಎಂದು ಅರ್ಥ. ಕುದುರೆಗಾಡಿಯ ಕಾಲದಲ್ಲಿ ಹಿಂದಿನ ಅರ್ಧವನ್ನಷ್ಟೇ ಉಳಿಸಿಕೊಂಡ ಗಾಡಿಗೆ ಆ ಹೆಸರಿತ್ತು. ಮೋಟಾರು ಬಂದ ಮೇಲೆ ಎರಡೇ ಬಾಗಿಲಿನ, ಹಿಂದಕ್ಕೆ ಇಳಿಜಾರಾದ ಮಾಡಿನ ಕಾರಿಗೆ ಅಂಟಿಕೊಂಡಿತು. ಅಮೆರಿಕದವರು 'ಕೂಪ್' ಎಂದು ಮೊಟಕು ಮಾಡಿ ಕರೆಯುತ್ತಾರೆ. ಅದರಲ್ಲಿ 'ಮಧ್ಯಮ ಗಾತ್ರ' ಎಂದರೆ ನಮ್ಮ ಮಧ್ಯಮವಲ್ಲ ಎಂಬುದನ್ನು ನೀವು ನೆನಪಿನಲ್ಲಿಡಬೇಕು. 2014ರವರೆಗೆ ತಯಾರಾಗುತ್ತಿದ್ದ ನಮ್ಮ ಅಂಬಾಸಡರ್ ಕಾರು ಸುಮಾರು 14 ಅಡಿ ಉದ್ದ. ನಮ್ಮ ಕಣ್ಣಿಗೆ ಅದೇ ಗೌರವಸ್ಥ ಗಾಡಿ. 1978ರ ಬ್ಯೂಯಿಕ್ ರೀಗಲ್ ಎಂಬ ಕೂಪೆ, ತನ್ನ ಪೂರ್ವಜರಿಗಿಂತ ಬಡಕಲಾಗಿ ಹುಟ್ಟಿತೆಂದು ಅವರು ಮರುಗಿದ ಕೂಪೆ, ಹದಿನಾರೂವರೆ ಅಡಿಗಿಂತ ಹೆಚ್ಚು ಉದ್ದವಿತ್ತು. ಅವರ ಲೆಕ್ಕದಲ್ಲಿ ಅದು ಮಧ್ಯಮ.

ಈ ಬ್ಯೂಯಿಕ್ ಎಂಬ ಹೆಸರಿನ ಹಿಂದೆ ಇರುವ ಮನುಷ್ಯನ ಕಥೆಯೂ ಮಾರಾಟದ ಕಥೆಯೇ. ಡೇವಿಡ್ ಡನ್‌ಬಾರ್ ಬ್ಯೂಯಿಕ್ ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ಅಮೆರಿಕಕ್ಕೆ ಬಂದವನು. ನಲ್ಲಿ ಕೊಳಾಯಿಯ ವ್ಯಾಪಾರದವನು. ಬೀಡುಕಬ್ಬಿಣದ ಸ್ನಾನದ ತೊಟ್ಟಿಗೆ ಬಿಳಿಯ ಎನಾಮಲ್ ಹಿಡಿಸುವ ವಿದ್ಯೆಯಿಂದ ದುಡ್ಡು ಮಾಡಿದ. ಅದನ್ನು ಬಿಟ್ಟು ಮೋಟಾರಿನ ಹುಚ್ಚು ಹಿಡಿಸಿಕೊಂಡು 1903ರಲ್ಲಿ ಕಂಪೆನಿ ಕಟ್ಟಿದ. ಅದು ಮಿಷಿಗನ್ ಸಂಸ್ಥಾನದ ಫ್ಲಿಂಟ್ ಎಂಬ ಊರಿನಲ್ಲಿ ನೆಲೆಯೂರಿತು. ಎಂಜಿನಿನ ತಲೆಯ ಮೇಲೆಯೇ ಕವಾಟಗಳನ್ನು ಕೂಡಿಸುವುದು ಅವರ ವಿಶೇಷ. ವಿಲಿಯಂ ಡ್ಯುರಾಂಟ್ ಎಂಬ ಸಾಹಸಿ ವರ್ತಕ ಅದನ್ನು ವಹಿಸಿಕೊಂಡು, ಅದರ ಬಲದ ಮೇಲೆ 1908ರಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯನ್ನು ಸ್ಥಾಪಿಸಿದ. ಮೂಲಪುರುಷ ಬ್ಯೂಯಿಕ್ ತನ್ನ ಪಾಲನ್ನು ಬಿಟ್ಟುಕೊಟ್ಟು ಹೊರನಡೆದ. 1929ರಲ್ಲಿ ಡೆಟ್ರಾಯಿಟಿನಲ್ಲಿ ತೀರಿಕೊಂಡಾಗ ಕಡುಬಡವ. ಅವನ ಹೆಸರು ಹೊತ್ತ ಕಾರುಗಳು ಆಗ ಲಕ್ಷಗಟ್ಟಲೆ ಓಡುತ್ತಿದ್ದುವು. ಇರಲಿ, ನಮ್ಮ ಕಥೆ ಅವನ ನಂತರದ್ದು.

1960ರ ಸುಮಾರಿಗೆ ಅಮೆರಿಕದಲ್ಲಿ ಸಣ್ಣ ಕಾರುಗಳಿಗೆ ಬೇಡಿಕೆ ಕಂಡಿತು. ಬ್ಯೂಯಿಕ್‌ನವರು 1961ಕ್ಕೆ 'ಸ್ಪೆಷಲ್' ಎಂಬ ಗಾಡಿಯನ್ನು ಹೊರತಂದು, ಅದಕ್ಕೆ ಅಲ್ಯೂಮಿನಿಯಮ್ಮಿನ ಎಂಟು ಸಿಲಿಂಡರಿನ ಎಂಜಿನು ಕೊಟ್ಟರು. ಆ ಸಿಲಿಂಡರುಗಳು ನಾಲ್ಕು ನಾಲ್ಕಾಗಿ, ಎರಡು ಅಂಗೈಗಳನ್ನು ಬುಡದಲ್ಲಿ ಸೇರಿಸಿ ತೆರೆದು ಹಿಡಿದಂತೆ ಇರುವುದರಿಂದ ಅದನ್ನು ವಿ–8 ಎನ್ನುತ್ತಾರೆ. ಗಾತ್ರ 215 ಘನ ಅಂಗುಲ, ಎಂದರೆ ಮೂರೂವರೆ ಲೀಟರು. ಹಗುರ, ಚುರುಕು, ನೋಡಲು ಲಕ್ಷಣ. ಆದರೆ ಎರಕ ಹೊಯ್ಯುವುದು ಕಷ್ಟ, ಖರ್ಚು ವಿಪರೀತ. ಅಗ್ಗದ ಕಾರಿಗೆ ದುಬಾರಿ ಹೃದಯ. ಮೇಲಿನವರು ಒಂದು ಅಗ್ಗದ ಎಂಜಿನು ಬೇಕೆಂದರು. ಅದೂ ಬೇಗ ಬೇಕು, ಹೊಸ ಯಂತ್ರೋಪಕರಣಗಳಿಗೆ ಹೆಚ್ಚು ಹಣ ಕೇಳಬಾರದು.

ಆಗ ಜೋಸೆಫ್ ಟರ್ಲೇ ಎಂಬ ಎಂಜಿನಿಯರೂ ಅವನ ಸಂಗಡಿಗರೂ ಮಾಡಿದ್ದು ನಮ್ಮ ಮನೆಯ ಹೆಂಗಸರು ಉಳಿದ ಸೀರೆಯ ತುಂಡಿನಲ್ಲಿ ಮಗುವಿಗೆ ಲಂಗ ಹೊಲಿದಂತೆ. ಎಂಟರ ಎಂಜಿನಿನಲ್ಲಿ ಎರಡು ಸಿಲಿಂಡರು ಕಳೆದು ಆರು ಮಾಡಿದರು. ಅಲ್ಯೂಮಿನಿಯಂ ಬಿಟ್ಟು ಬೀಡುಕಬ್ಬಿಣ ಹಿಡಿದರು. ಎಂಟರದನ್ನು ಕೊರೆಯುತ್ತಿದ್ದ ಯಂತ್ರಗಳಲ್ಲೇ ಬಹುಮಟ್ಟಿಗೆ ಇದನ್ನೂ ಕೊರೆಯುವಂತೆ ವಿನ್ಯಾಸ ಮಾಡಿದರು. ಹೀಗೆ 1962ರ ಮಾದರಿಗೆ 198 ಘನ ಅಂಗುಲದ, 135 ಅಶ್ವಶಕ್ತಿಯ ವಿ–6 ಬಂತು. ಇಟಲಿಯ ಲಾನ್ಸಿಯಾದವರು 1950ರಲ್ಲೇ ವಿ–6 ಇದ್ದ ಕಾರನ್ನು ಮಾಡಿದ್ದರು. ಆದರೆ ಅಮೆರಿಕದ ಪ್ರಯಾಣಿಕರ ಕಾರಿನಲ್ಲಿ, ರಾಶಿರಾಶಿಯಾಗಿ ತಯಾರಾದದ್ದು ಇದೇ ಮೊದಲು. 'ಮೋಟಾರ್ ಟ್ರೆಂಡ್' ಪತ್ರಿಕೆ ಆ ವರ್ಷದ ಶ್ರೇಷ್ಠ ಕಾರೆಂಬ ಬಿರುದನ್ನು ಸ್ಪೆಷಲ್ಲಿಗೆ ಕೊಟ್ಟಿತು.

ಬಿರುದು ಬಂದರೂ ಹುಟ್ಟುಗುಣ ಹೋಗಲಿಲ್ಲ. ಈ ಎಂಜಿನು ನಡುಗುತ್ತಿತ್ತು. ಏಕೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಕಥೆಯ ತಿರುಳು ಇಲ್ಲಿದೆ. ಸಂಗೀತ ಬಲ್ಲವರಿಗೆ ಇದು ಬೇಗ ತಿಳಿಯುತ್ತದೆ.

ಎಂಜಿನಿನ ಕೆಳಗಿನ ಕ್ರ್ಯಾಂಕು ದಂಡ ಎರಡು ಸುತ್ತು ಸುತ್ತುವುದರೊಳಗೆ ಪ್ರತಿಯೊಂದು ಸಿಲಿಂಡರೂ ಒಮ್ಮೆ ಸಿಡಿಯುತ್ತದೆ. ಎರಡು ಸುತ್ತೆಂದರೆ 720 ಡಿಗ್ರಿ; ಸಿಲಿಂಡರು ಆರು; ಸಮನಾಗಿ ಹಂಚಿದರೆ 120 ಡಿಗ್ರಿಗೆ ಒಂದು ಪೆಟ್ಟು ಬೀಳಬೇಕು. ಮೂವತ್ತು ಡಿಗ್ರಿಯನ್ನು ಒಂದು ಅಕ್ಷರಕಾಲವೆಂದು ಇಟ್ಟುಕೊಳ್ಳಿ. ಆಗ ಸಮವಾದ ಎಂಜಿನಿನ ಲಯ ನಾಲ್ಕು–ನಾಲ್ಕು: ತಕಧಿಮಿ, ತಕಧಿಮಿ. ಆದರೆ ಬ್ಯೂಯಿಕ್‌ನವರ ವಿ–6 ಎಂಟರ ಎಂಜಿನಿನ ಮೈಯಿಂದ ಕತ್ತರಿಸಿ ತೆಗೆದದ್ದಲ್ಲವೆ? ಎಂಟಕ್ಕೆ ಒಪ್ಪುವ 90 ಡಿಗ್ರಿ ಕೋನ ಅದಕ್ಕೂ ಉಳಿಯಿತು. ಎದುರುಬದುರಾದ ಎರಡೆರಡು ಪಿಸ್ಟನ್ನುಗಳು ಕ್ರ್ಯಾಂಕಿನ ಒಂದೇ ಗೂಟವನ್ನು ಹಿಡಿದಿದ್ದುವು. ಅದರ ಫಲವಾಗಿ ಒಂದು ಪೆಟ್ಟು 90 ಡಿಗ್ರಿಗೆ, ಮುಂದಿನದು 150 ಡಿಗ್ರಿಗೆ, ಮತ್ತೆ 90, ಮತ್ತೆ 150. ನಮ್ಮ ಲೆಕ್ಕದಲ್ಲಿ ಮೂರು–ಐದು, ಮೂರು–ಐದು: ತಕಿಟ, ತಕತಕಿಟ. ಒಟ್ಟು ಎಂಟಕ್ಕೇ ಬಂದು ನಿಲ್ಲುತ್ತದೆ, ತಾಳ ತಪ್ಪಿಲ್ಲ. ಕೊನ್ನಕ್ಕೋಲು ಹೇಳುವ ವಿದ್ವಾಂಸರ ಬಾಯಲ್ಲಿ ಕೇಳಿದರೆ ಸೊಗಸೇ ಸರಿ. ಆದರೆ ಬೀದಿಯ ದೀಪದ ಮುಂದೆ ಕಾರು ನಿಂತಾಗ, ನಿಮಿಷಕ್ಕೆ 600 ಸುತ್ತಿನ ನಿಧಾನದಲ್ಲೂ ಸೆಕೆಂಡಿಗೆ ಮೂವತ್ತು ಪೆಟ್ಟು ಬೀಳುತ್ತವೆ. ಆ ವೇಗದಲ್ಲಿ ಕಿವಿಗೆ ಲಯ ಸಿಕ್ಕುವುದಿಲ್ಲ. ಕುಳಿತವರ ಬೆನ್ನಿಗೆ ಕುಲುಕಾಟ ಮಾತ್ರ ಸಿಕ್ಕುತ್ತದೆ. ಬ್ಯೂಯಿಕ್ ಕೊಳ್ಳುವವರು ವಕೀಲರು, ವೈದ್ಯರು, ಬ್ಯಾಂಕಿನವರು. ಅವರಿಗೆ ಕುಲುಕಾಟ ಬೇಕಿರಲಿಲ್ಲ.

1964ರಲ್ಲಿ ಸ್ಪೆಷಲ್ಲೂ ಅದರ ಸೊಗಸುಗಾತಿ ತಂಗಿಯಾದ ಸ್ಕೈಲಾರ್ಕೂ ಬೆಳೆದು ಮಧ್ಯಮ ಗಾತ್ರಕ್ಕೆ ಬಂದುವು. ವಿ–6 ಕೂಡ 225 ಘನ ಅಂಗುಲಕ್ಕೆ, 155 ಅಶ್ವಶಕ್ತಿಗೆ ಬೆಳೆಯಿತು. ಆದರೆ ಅದೇ ವರ್ಷ ಮಗ್ಗುಲ ಮನೆಯಲ್ಲಿ, ಎಂದರೆ ಜನರಲ್ ಮೋಟಾರ್ಸಿನದೇ ಪಾಂಟಿಯಾಕ್ ವಿಭಾಗದಲ್ಲಿ, ಒಂದು ಕಿಡಿಗೇಡಿತನ ನಡೆಯಿತು. ಮಧ್ಯಮ ಗಾತ್ರದ ಕಾರಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನು ಕೂಡದೆಂದು ಸಂಸ್ಥೆಯ ಕಟ್ಟಳೆ. ಪಾಂಟಿಯಾಕ್‌ನ ಎಂಜಿನಿಯರು ಜಾನ್ ಡಿಲೋರಿಯನ್ ಮೊದಲಾದವರು, ಕಟ್ಟಳೆ ಹೊಸ ಕಾರಿಗಲ್ಲವೆ, ಹಳೆಯ ಕಾರಿಗೆ ಬೇಕೆಂದವರಿಗೆ ಒದಗಿಸುವ ಹೆಚ್ಚಿನ ಸಾಮಾನಿಗಲ್ಲವಲ್ಲ ಎಂಬ ಯುಕ್ತಿ ಹೂಡಿ, ಟೆಂಪೆಸ್ಟ್ ಎಂಬ ಮಧ್ಯಮ ಗಾಡಿಯೊಳಕ್ಕೆ 389 ಘನ ಅಂಗುಲದ ಎಂಜಿನನ್ನು ತುರುಕಿ 'ಜಿ.ಟಿ.ಓ.' ಎಂದು ಕರೆದರು. ಮೊದಲ ವರ್ಷವೇ 32,000ಕ್ಕೂ ಹೆಚ್ಚು ಮಾರಾಟವಾಯಿತು. ಲಾಭ ಬಂದ ಮೇಲೆ ಕಟ್ಟಳೆ ಮುರಿದವರಿಗೆ ಶಿಕ್ಷೆಯಾಗಲಿಲ್ಲ. ಕಟ್ಟಳೆಯೇ 400ಕ್ಕೆ ಏರಿತು. ಆಗ ಬ್ಯೂಯಿಕ್‌ನವರ ಹತ್ತಿರ ಇದ್ದ ದೊಡ್ಡ ಎಂಜಿನು 401 ಘನ ಅಂಗುಲದ್ದು. ಒಂದು ಅಂಗುಲಕ್ಕಾಗಿ ಯಾರು ಅಳುತ್ತಾರೆ? ಅವರು ಅದನ್ನು '400' ಎಂದು ಬರೆದು 1965ರಲ್ಲಿ ಸ್ಕೈಲಾರ್ಕ್ ಗ್ರಾನ್ ಸ್ಪೋರ್ಟ್ ಎಂಬ ಕೂಪೆಯನ್ನು ಪೇಟೆಗೆ ಬಿಟ್ಟರು. ಅಷ್ಟು ದೊಡ್ಡ ಸಂಸ್ಥೆಯಲ್ಲೂ ನಮ್ಮ ತಾಲ್ಲೂಕು ಕಚೇರಿಯ ಬುದ್ಧಿವಂತಿಕೆ ನಡೆಯುತ್ತಿತ್ತೆಂಬುದನ್ನು ಕೇಳಿ ನನಗೆ ಏಕೋ ಸಮಾಧಾನವಾಯಿತು.

ಈ ಸ್ಪರ್ಧೆ 1970ರಲ್ಲಿ ತುತ್ತತುದಿ ಮುಟ್ಟಿತು. ಆ ವರ್ಷ ಕಟ್ಟಳೆಯನ್ನು ಪೂರ್ತಿ ತೆಗೆದುಹಾಕಿದರು. ಬ್ಯೂಯಿಕ್‌ನವರು 455 ಘನ ಅಂಗುಲದ, ಎಂದರೆ ಏಳೂವರೆ ಲೀಟರಿನ ಎಂಜಿನನ್ನು ಎರಡು ಬಾಗಿಲಿನ ಗಾಡಿಯಲ್ಲಿ ಕೂಡಿಸಿದರು. ನಮ್ಮ ಅಂಬಾಸಡರಿನ ಐದು ಎಂಜಿನುಗಳನ್ನು ಒಟ್ಟುಗೂಡಿಸಿದಷ್ಟು ಗಾತ್ರ! ಇಂಥ ಹಬ್ಬದೂಟದ ನಡುವೆ ಬಡ ವಿ–6ಕ್ಕೆ ಯಾರು ಎಲೆ ಹಾಕುತ್ತಾರೆ? ಅದು ಆಗಲೇ ಮನೆ ಬಿಟ್ಟಾಗಿತ್ತು. 1967ರಲ್ಲಿ ಜನರಲ್ ಮೋಟಾರ್ಸಿನವರು ಅದನ್ನು ತಯಾರಿಸುವ ಯಂತ್ರೋಪಕರಣಗಳನ್ನೆಲ್ಲ ಕೈಸರ್–ಜೀಪ್ ಕಂಪೆನಿಗೆ ಮಾರಿಬಿಟ್ಟಿದ್ದರು. ಅದರ ಅಣ್ಣ, ಆ ಅಲ್ಯೂಮಿನಿಯಮ್ಮಿನ ಎಂಟು, 1963ರ ನಂತರ ನಿಂತುಹೋಗಿ, 1965ರಲ್ಲಿ ಇಂಗ್ಲೆಂಡಿನ ರೋವರ್ ಕಂಪೆನಿಯ ಪಾಲಾಗಿತ್ತು. ಆ ಅಣ್ಣನ ಭಾಗ್ಯವೇ ಬೇರೆ: 1966ರಲ್ಲಿ ಜಾಕ್ ಬ್ರಾಬಮ್ ವಿಶ್ವ ಚಾಂಪಿಯನ್ ಆದ ಪಂದ್ಯದ ಕಾರಿನ ಎಂಜಿನಿಗೆ ಅದರ ಸೋದರ ಬ್ಲಾಕೇ ಬುನಾದಿ, 1970ರಿಂದ ರೇಂಜ್ ರೋವರಿನಲ್ಲಿ ಕುಳಿತು ದೇಶದೇಶಗಳ ಗದ್ದುಗೆಯವರನ್ನು ಹೊತ್ತು ತಿರುಗಿತು. ಅದನ್ನು ಮಾತ್ರ ಯಾರೂ ಹಿಂದಕ್ಕೆ ತರಲಿಲ್ಲ.

ವಿ–6 ಜೀಪಿನಲ್ಲಿ ಸುಖವಾಗಿತ್ತು. ಜೀಪು ಮೊದಲೇ ಕುಲುಕುವ ಗಾಡಿ; ಎಂಜಿನಿನ ಕುಲುಕಾಟ ರಸ್ತೆಯದೋ ತನ್ನದೋ ಎಂದು ಯಾರು ವಿಚಾರಿಸುತ್ತಾರೆ? ಜೊತೆಗೆ ಭಾರವಾದ ಫ್ಲೈವೀಲು ಹಾಕಿ ನಡುಕವನ್ನು ತಗ್ಗಿಸಿದರು. ನಮ್ಮ ದೇಶದಲ್ಲಿ ಮಹೀಂದ್ರದವರು ಜೋಡಿಸುತ್ತಿದ್ದ ಜೀಪು ಇದೇ ವಂಶದ್ದಾದರೂ ಅದರ ಹೊಟ್ಟೆಯಲ್ಲಿದ್ದುದು ವಿಲ್ಲಿಸ್‌ನವರ ನಾಲ್ಕು ಸಿಲಿಂಡರಿನ ಎಂಜಿನು. ಆದ್ದರಿಂದ ನೀವು ಹಳೆಯ ಜೀಪಿನಲ್ಲಿ ಮಲೆನಾಡಿನ ಘಾಟಿ ಹತ್ತಿದ್ದರೂ ಈ ಎಂಜಿನಿನ ಪರಿಚಯವಾಗಿರಲಾರದು. 1970ರಲ್ಲಿ ಜೀಪು ಕಂಪೆನಿಯನ್ನು ಅಮೆರಿಕನ್ ಮೋಟಾರ್ಸ್ ಸಂಸ್ಥೆಯವರು ಕೊಂಡರು. ಅವರಿಗೆ ತಮ್ಮದೇ ಆರು ಸಿಲಿಂಡರಿನ ಸಾಲು ಎಂಜಿನುಗಳಿದ್ದುವು. 1971ರಲ್ಲಿ ವಿ–6 ತಯಾರಿಕೆ ನಿಂತಿತು.

ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಒಂದು ಎಂಜಿನಿನ ಯಂತ್ರೋಪಕರಣವೆಂದರೆ ಒಂದು ಕೋಣೆಯಲ್ಲಿ ಮುಚ್ಚಿಡುವ ಸಾಮಾನಲ್ಲ. ಬ್ಲಾಕು ಕೊರೆಯುವ, ತಲೆ ಹತ್ತರಿ ಹೊಡೆಯುವ, ಕ್ರ್ಯಾಂಕು ಅರೆಯುವ ಯಂತ್ರಗಳ ಸಾಲುಸಾಲು. ಬೇರೆ ಯಾವ ಕೆಲಸಕ್ಕೂ ಬಾರದ, ಆ ಒಂದೇ ರೂಪಕ್ಕೆ ಹದಮಾಡಿದ ಕಬ್ಬಿಣದ ರಾಶಿ. ಕೆಲಸವಿಲ್ಲದೆ ನಿಂತ ಯಂತ್ರವನ್ನು ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕುವುದೇ ಲೋಕರೂಢಿ. ಹಾಗೆ ಮಾಡಿದ್ದರೆ ಈ ಲೇಖನ ಇಲ್ಲ. ಅವರು ಹಾಗೆ ಮಾಡಲಿಲ್ಲ. ಎರಡು ಮೂರು ವರ್ಷ ಆ ಯಂತ್ರಗಳು ಸುಮ್ಮನೆ ಉಳಿದಿದ್ದುವು.

1973ರ ಅಕ್ಟೋಬರಿನಲ್ಲಿ ಪಶ್ಚಿಮ ಏಷ್ಯದಲ್ಲಿ ಯುದ್ಧವಾಯಿತು. ಅರಬ್ ರಾಷ್ಟ್ರಗಳು ಅಮೆರಿಕಕ್ಕೆ ಎಣ್ಣೆ ಕೊಡುವುದನ್ನು ನಿಲ್ಲಿಸಿದುವು. ಪೆಟ್ರೋಲು ಬಂಕುಗಳ ಮುಂದೆ ಮೈಲುದ್ದದ ಸಾಲು. ಏಳೂವರೆ ಲೀಟರಿನ ಎಂಜಿನು ರಾತ್ರಿ ಬೆಳಗಾಗುವುದರೊಳಗೆ ಆನೆ ಸಾಕಿದ ಬಡವನ ಪಾಡಾಯಿತು. ಬ್ಯೂಯಿಕ್‌ನವರ ಕೈಯಲ್ಲಿ ಸ್ವಂತದ ಸಣ್ಣ ಎಂಜಿನು ಒಂದೂ ಇರಲಿಲ್ಲ; 1968ರಿಂದ ಅವರು ಆರು ಸಿಲಿಂಡರು ಬೇಕಾದಾಗ ಷೆವ್ರೊಲೆಯವರಿಂದ ಕಡ ತಂದು ಕೆಲಸ ಸಾಗಿಸುತ್ತಿದ್ದರು. ಹೊಸದನ್ನು ಮಾಡೋಣವೆಂದರೆ ಹಲವು ವರ್ಷ ಬೇಕು. ಆಗ ಹಳಬರಿಗೆ ಮಾರಿಹೋದ ಮಗನ ನೆನಪಾಯಿತು. ಎಲ್ಲಿಯೋ ಗುಜರಿಯಿಂದ ಒಂದು ಹಳೆಯ ವಿ–6 ತಂದು, ತೊಳೆದು, 1974ರ ಒಂದು ಕಾರಿಗೆ ಹಾಕಿ ಓಡಿಸಿ ನೋಡಿದರೆಂದು ಹೇಳುತ್ತಾರೆ. ನಡುಕವಿತ್ತು, ಆದರೆ ಓಡಿತು, ಕಡಮೆ ಕುಡಿಯಿತು. 1974ರಲ್ಲಿ ಯಂತ್ರೋಪಕರಣಗಳನ್ನು ಅಮೆರಿಕನ್ ಮೋಟಾರ್ಸಿನಿಂದ ಮರಳಿ ಕೊಂಡು ಫ್ಲಿಂಟಿಗೆ ಸಾಗಿಸಿದರು. 1975ರ ಮಾದರಿಯ ಗಾಡಿಗಳಿಗೇ ಎಂಜಿನು ಸಿದ್ಧವಾಯಿತು. ಸಿಲಿಂಡರಿನ ಅಗಲವನ್ನು ತಮ್ಮ 350 ಘನ ಅಂಗುಲದ ಎಂಟರ ಎಂಜಿನಿಗೆ ಸಮಮಾಡಿ 231 ಘನ ಅಂಗುಲಕ್ಕೆ ತಂದರು. ಅದೇ ಮುಂದೆ ಹೆಸರಾದ 3.8 ಲೀಟರು. ಈ ಸಲವೂ ಉಳಿತಾಯದ ಬುದ್ಧಿಯೇ.

ಎರಡನೆಯ ಸಲ ಮನೆಗೆ ಬಂದವನಿಗೆ ಮೊದಲ ಸಲ ಸಿಗದ ಆರೈಕೆ ಸಿಕ್ಕಿತು. 1977ರ ನಡುವಿನಲ್ಲಿ ಆ ನಡುಕಕ್ಕೆ ಮದ್ದು ಮಾಡಿದರು. ಎರಡು ಪಿಸ್ಟನ್ನುಗಳು ಹಿಡಿದಿದ್ದ ಒಂದೇ ಗೂಟವನ್ನು ನಡುವೆ ಸೀಳಿ, ಒಂದು ಅರ್ಧವನ್ನು ಮೂವತ್ತು ಡಿಗ್ರಿ ಪಕ್ಕಕ್ಕೆ ಜರುಗಿಸಿದರು. ನಮ್ಮ ಲೆಕ್ಕದಲ್ಲಿ ಒಂದು ಅಕ್ಷರಕಾಲ! ಐದರಿಂದ ಒಂದನ್ನು ಕಿತ್ತು ಮೂರಕ್ಕೆ ಸೇರಿಸಿದರು: ನಾಲ್ಕು–ನಾಲ್ಕು, ತಕಧಿಮಿ ತಕಧಿಮಿ. ಕೇಳುವಾಗ ಇಷ್ಟೇನೆ ಎನ್ನಿಸುತ್ತದೆ. ಹದಿನೈದು ವರ್ಷ ಯಾರಿಗೂ ತೋಚಲಿಲ್ಲವೆ? ತೋಚದೆ ಇದ್ದಿರಲಾರದು, ಅಷ್ಟು ಕಷ್ಟ ಪಡುವಷ್ಟು ಆ ಎಂಜಿನು ಬೇಕಾಗಿರಲಿಲ್ಲ ಎನ್ನುವುದೇ ನನಗೆ ನಿಜವೆಂದು ತೋರುತ್ತದೆ.

ಇನ್ನು ಕೂಪೆಯ ಭಕ್ತರು ಕಾಯುತ್ತಿರುವ ಅಧ್ಯಾಯ. ಸಿಲಿಂಡರಿನಿಂದ ಹೊರಬೀಳುವ ಬಿಸಿ ಹೊಗೆಯನ್ನು ಒಂದು ಸಣ್ಣ ಚಕ್ರದ ಮೇಲೆ ಹಾಯಿಸಿ, ಅದರಿಂದ ಇನ್ನೊಂದು ಚಕ್ರವನ್ನು ತಿರುಗಿಸಿ, ಹೊರಗಿನ ಗಾಳಿಯನ್ನು ಒತ್ತಿ ಎಂಜಿನಿನೊಳಕ್ಕೆ ತುಂಬುವ ಉಪಾಯಕ್ಕೆ ಟರ್ಬೊ ಎಂದು ಹೆಸರು. ತಿದಿಯೊತ್ತಿದ ಒಲೆಯಂತೆ, ಗಾಳಿ ಹೆಚ್ಚಿದರೆ ಪೆಟ್ರೋಲೂ ಹೆಚ್ಚು ಉರಿಯುತ್ತದೆ. ಚಿಕ್ಕ ಎಂಜಿನು ಬೇಕಾದಾಗ ಮಾತ್ರ ದೊಡ್ಡದಾಗುತ್ತದೆ. ಓಲ್ಡ್ಸ್‌ಮೊಬೈಲ್ ವಿಭಾಗದವರು 1962ರಲ್ಲೇ, ಅದೇ ಅಲ್ಯೂಮಿನಿಯಂ ಎಂಟಕ್ಕೆ ಇದನ್ನು ಕಟ್ಟಿ 'ಜೆಟ್‌ಫೈರ್' ಎಂಬ ಕೂಪೆ ಮಾಡಿದ್ದರು. ಎಂಜಿನು ಅಕಾಲದಲ್ಲಿ ಸಿಡಿದು ಕುಟ್ಟದಂತೆ ಒಂದು ವಿಶೇಷ ದ್ರವವನ್ನು ತುಂಬುತ್ತಿರಬೇಕಾಗಿತ್ತು, ಮಾಲೀಕರು ಮರೆಯುತ್ತಿದ್ದರು, ಕೊನೆಗೆ ಎಷ್ಟೋ ಗಾಡಿಗಳಿಂದ ಟರ್ಬೊವನ್ನೇ ಬಿಚ್ಚಿ ಹಾಕಿದರು. ಬ್ಯೂಯಿಕ್‌ನಲ್ಲಿ ಆ ಯೋಚನೆಗೆ ಮತ್ತೆ ಜೀವ ಬಂದುದು ಎಂಜಿನಿಯರುಗಳ ಮಾರ್ಗದರ್ಶನದಲ್ಲಿದ್ದ ಒಂದು ಸ್ಕೌಟು ತರುಣರ ತಂಡದ ಪ್ರಯೋಗದಿಂದ. ದೊಡ್ಡವರು ಅದನ್ನು ಕೈಗೆತ್ತಿಕೊಂಡರು. 1976ರಲ್ಲಿ ಇಂಡಿಯಾನಾಪೊಲಿಸ್ಸಿನ 500 ಮೈಲಿ ಪಂದ್ಯಕ್ಕೆ ಮುಂದಾಳಾಗಿ ಓಡಿದ ಸೆಂಚುರಿ ಕಾರಿನಲ್ಲಿದ್ದುದು ಟರ್ಬೊ ಹಾಕಿದ ವಿ–6. 1978ರಲ್ಲಿ ರೀಗಲ್ ಕೂಪೆಯಲ್ಲಿ ಅದನ್ನು ಜನರಿಗೂ ಮಾರಿದರು. ಕುಟ್ಟುವ ಶಬ್ದವನ್ನು ಆಲಿಸಿ ಕಿಡಿಯನ್ನು ತಾನಾಗಿಯೇ ತಡಮಾಡುವ ಒಂದು ವಿದ್ಯುತ್ ಕಿವಿ ಅದರಲ್ಲಿತ್ತು. ದ್ರವದ ಕಾಟ ತಪ್ಪಿತು. ಶಕ್ತಿ 150 ಅಥವಾ 165.

ಅಲ್ಲಿಂದ ಏರುತ್ತ ಹೋಯಿತು. ಷರಾ ಒಂದಿದೆ: 1972ರಿಂದ ಅಮೆರಿಕದವರು ಅಶ್ವಶಕ್ತಿಯನ್ನು ಎಂಜಿನಿಗೆ ಎಲ್ಲ ತೊಡವುಗಳನ್ನೂ ತೊಡಿಸಿದ ಮೇಲೆ ಅಳೆಯಲು ತೊಡಗಿದರು, ಹಳೆಯ ಅಂಕಿಗಳನ್ನು ಹೊಸವಕ್ಕೆ ನೇರವಾಗಿ ಹೋಲಿಸಬಾರದು. 1984ರಲ್ಲಿ ಕಾರ್ಬುರೇಟರು ಹೋಗಿ, ಪೆಟ್ರೋಲನ್ನು ಲೆಕ್ಕ ಹಾಕಿ ಚಿಮ್ಮಿಸುವ ವ್ಯವಸ್ಥೆ ಬಂದು 200 ಆಯಿತು. 1986ರಲ್ಲಿ, ಒತ್ತಿದಾಗ ಕಾದ ಗಾಳಿಯನ್ನು ತಣಿಸಿ ಒಳಬಿಡುವ ಜಾಲರಿ ಸೇರಿ 235, 1987ಕ್ಕೆ 245. ಈ ಗಾಡಿಗೆ 'ಗ್ರಾಂಡ್ ನ್ಯಾಷನಲ್' ಎಂದು ಹೆಸರು. 1981 ಮತ್ತು 1982ರಲ್ಲಿ ಡ್ಯಾರೆಲ್ ವಾಲ್ಟ್ರಿಪ್ ರೀಗಲ್ ಓಡಿಸಿ ಗೆದ್ದ ಪಂದ್ಯಮಾಲಿಕೆಯಿಂದ ಎರವಲು ತಂದ ಹೆಸರು ಅದು. ತಮಾಷೆಯೆಂದರೆ ಆ ಪಂದ್ಯದ ರೀಗಲ್ಲುಗಳಲ್ಲಿದ್ದುದು ವಿ–8! 1984ರಿಂದ ಈ ಗಾಡಿ ಕಪ್ಪಿನ ಹೊರತು ಬೇರೆ ಬಣ್ಣದಲ್ಲಿ ಬರಲಿಲ್ಲ. ಚಿತ್ರ ನೋಡಿದ್ದೀರಾದರೆ ಗೊತ್ತು: ರೇಷ್ಮೆ ಸೀರೆ ತುಂಬಿಡುವ ಕಬ್ಬಿಣದ ಪೆಟ್ಟಿಗೆಗೆ ಗಾಲಿ ಕಟ್ಟಿದಂತೆ ಮೂಲೆ ಮೂಲೆಯಾದ ಆಕಾರ. ಸೌಂದರ್ಯಕ್ಕಾಗಿ ಅದನ್ನು ಪ್ರೀತಿಸುವೆನೆಂದು ಯಾರಾದರೂ ಹೇಳಿದರೆ ನಾನು ನಂಬಲಾರೆ.

1987ರಲ್ಲಿ ಕೊನೆಯ ಕಾಣಿಕೆಯಾಗಿ ಇನ್ನೂ ಹುರಿಗೊಳಿಸಿದ 547 ಗಾಡಿಗಳನ್ನು ಮಾಡಿದರು, ಅವಕ್ಕೆ 'ಜಿ.ಎನ್.ಎಕ್ಸ್.' ಎಂದು ಹೆಸರು, ಶಕ್ತಿ 276. ನಿಂತಲ್ಲಿಂದ ಗಂಟೆಗೆ 60 ಮೈಲಿಯ ವೇಗಕ್ಕೆ 4.7 ಸೆಕೆಂಡು ಎಂದು 'ಕಾರ್ ಅಂಡ್ ಡ್ರೈವರ್' ಪತ್ರಿಕೆಯವರು ಅಳೆದು ಬರೆದರು. ಅದೇ ಜನರಲ್ ಮೋಟಾರ್ಸಿನ ಹೆಮ್ಮೆಯ ಪಂದ್ಯಗಾಡಿ ಕಾರ್ವೆಟ್ಟಿಗೆ ಆ ವರ್ಷ ಎಂಟು ಸಿಲಿಂಡರಿನಿಂದ ಬರುತ್ತಿದ್ದುದು 240. ತುಂಡು ಬಟ್ಟೆಯಲ್ಲಿ ಹೊಲಿದ ಲಂಗ ತೊಟ್ಟ ಹುಡುಗಿ ಜರಿಸೀರೆಯವರನ್ನು ಹಿಂದೆ ಹಾಕಿದ ಹಾಗಾಯಿತು. 1987ರ ಡಿಸೆಂಬರಿನಲ್ಲಿ ಪಾಂಟಿಯಾಕ್ ಊರಿನ ಕಾರ್ಖಾನೆಯಿಂದ ಕೊನೆಯ ಗ್ರಾಂಡ್ ನ್ಯಾಷನಲ್ ಹೊರಬಂತು. 1988ರ ರೀಗಲ್ ಮುಂಗಾಲಿಯ ಎಳೆತದ ಬೇರೆಯೇ ಗಾಡಿ.

ಪಂದ್ಯದ ಕಣದಲ್ಲಿ ಈ ಎಂಜಿನಿಗೆ ಅದೃಷ್ಟ ಅಷ್ಟಾಗಿ ಒಲಿಯಲಿಲ್ಲ ಎಂಬುದನ್ನೂ ಹೇಳದೆ ಬಿಡಬಾರದು. ಇಂಡಿಯಾನಾಪೊಲಿಸ್ಸಿನಲ್ಲಿ 1985ರಲ್ಲಿ ಅದರ ಪಂದ್ಯರೂಪ ಹೊತ್ತ ಎರಡು ಕಾರುಗಳು ಸಾಲಿನ ಮೊದಲ ಎರಡು ಸ್ಥಾನ ಗಿಟ್ಟಿಸಿದುವು. ಪಂದ್ಯ ತೊಡಗಿ ಇಪ್ಪತ್ತು ಸುತ್ತು ತುಂಬುವುದರೊಳಗೆ ಎರಡೂ ಕೆಟ್ಟು ನಿಂತುವು. 1992ರಲ್ಲಿ ರೊಬೆರ್ತೊ ಗೆರೆರೊ ಅದೇ ಎಂಜಿನಿನಿಂದ ಮೊದಲ ಸ್ಥಾನ ಪಡೆದು, ಪಂದ್ಯಕ್ಕೆ ಮುಂಚಿನ ಮೆರವಣಿಗೆಯ ಸುತ್ತಿನಲ್ಲೇ ಗಾಡಿ ಜಾರಿ ಗೋಡೆಗೆ ತಾಗಿಸಿಕೊಂಡ. ಮದುವೆಯ ಗಂಡು ಚಪ್ಪರದ ಬಾಗಿಲಲ್ಲೇ ಎಡವಿದ ಹಾಗೆ. ಆ ದಿನ ಹಿರಿಯ ಆಲ್ ಅನ್ಸರ್ ಮೂರನೆಯವನಾಗಿ ಬಂದು ಎಂಜಿನಿನ ಮಾನ ಕಾಪಾಡಿದ.

ಆದರೆ ಪಂದ್ಯಕ್ಕಿಂತ ದೊಡ್ಡ ಕೆಲಸ ಅದು ಸದ್ದಿಲ್ಲದೆ ಮಾಡುತ್ತಿತ್ತು. '3800' ಎಂಬ ಹೆಸರಿನಿಂದ ಮನೆಮಂದಿಯ ಕಾರುಗಳಲ್ಲಿ ಕುಳಿತು, ಶಾಲೆಗೆ ಮಕ್ಕಳನ್ನೂ ಅಂಗಡಿಗೆ ಗೃಹಿಣಿಯರನ್ನೂ ಒಯ್ದು ತರುತ್ತಿತ್ತು. ಈ ವಂಶದ ಎಂಜಿನುಗಳ ಸಂಖ್ಯೆ ಎರಡೂವರೆ ಕೋಟಿ ದಾಟಿತೆಂದು ಲೆಕ್ಕ. ಫ್ಲಿಂಟ್ ಊರು ಮಾತ್ರ ಅದರ ಜೊತೆಗೆ ಬೆಳೆಯಲಿಲ್ಲ. 1960ರಲ್ಲಿ ಅಲ್ಲಿ 1,97,000 ಜನ ಇದ್ದರು. 2020ರ ಗಣತಿಗೆ 81,000. 'ಬ್ಯೂಯಿಕ್ ಸಿಟಿ' ಎಂಬ ದೊಡ್ಡ ಕಾರ್ಖಾನೆ 1999ರಲ್ಲಿ ಮುಚ್ಚಿತು. ಅದರ ಪಕ್ಕದ ಎಂಜಿನು ಕಾರ್ಖಾನೆ ಇನ್ನೂ ಒಂಬತ್ತು ವರ್ಷ ಉಸಿರು ಹಿಡಿದಿತ್ತು. 2008ರ ಆಗಸ್ಟ್ 22ರಂದು ಕೊನೆಯ 3800 ಅಲ್ಲಿಂದ ಹೊರಬಂತು. ಕಾರಿನ ಅಂದಚಂದ, ವೇಗ, ಅಶ್ವಶಕ್ತಿಗಳ ಮಾತಿನಲ್ಲಿ ಆ ಊರಿನವರ ಮಾತು ಮುಳುಗಿಹೋಗುತ್ತದೆ. ಯಂತ್ರಗಳನ್ನು 1974ರಲ್ಲಿ ಮತ್ತೆ ತಂದು ನಿಲ್ಲಿಸಿದವರೂ, ಮೂವತ್ತನಾಲ್ಕು ವರ್ಷ ನಡೆಸಿದವರೂ ಅವರೇ.

ಈಗಲೂ ಈ ಕೂಪೆಗಳ ಹುಚ್ಚು ಹಿಡಿದವರು ಅಲ್ಲಲ್ಲಿ ಇದ್ದಾರೆ. ಕೆಂಟುಕಿ ಸಂಸ್ಥಾನದ ಬೌಲಿಂಗ್ ಗ್ರೀನ್ ಎಂಬ ಊರಿನಲ್ಲಿ ಬ್ಯೂಯಿಕ್ ಗಾಡಿಯವರ ದೊಡ್ಡ ಜಾತ್ರೆ ನಡೆಯುತ್ತ ಬಂದಿದೆ. 455ರ ಹಳಬರೂ ಕಪ್ಪು ರೀಗಲ್ಲಿನವರೂ ಕಾಲು ಮೈಲಿ ದೂರಕ್ಕೆ ಗಾಡಿ ಓಡಿಸಿ ಯಾರದು ಮುಂದೆಂದು ನೋಡುತ್ತಾರೆ. ಹೆಚ್ಚಿನವರು ಶ್ರೀಮಂತರಲ್ಲ, ತಾವೇ ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಬಿಚ್ಚಿ ಜೋಡಿಸುವವರು. ಟರ್ಬೊ ಗಾಡಿಗಳ ಎಂಜಿನು ಒಡೆದಾಗ ಅವರಿಗೆ ಬೇಕಾದದ್ದು ಗಟ್ಟಿಯಾದ ಹಳೆಯ ಬ್ಲಾಕು. ಅದರ ಎರಕದ ಮೇಲೆ '109' ಎಂಬ ಅಂಕಿ ಇರುತ್ತದೆಂಬುದು ಅವರಲ್ಲಿ ಚಿಕ್ಕ ಹುಡುಗರಿಗೂ ಗೊತ್ತು. ಆದ್ದರಿಂದ ಭಾನುವಾರ ಬೆಳಗ್ಗೆ ಅಮೆರಿಕದ ಯಾವುದೋ ಗುಜರಿ ಅಂಗಳದಲ್ಲಿ ಒಬ್ಬಾತ, ತುಕ್ಕು ಹಿಡಿದ ಗಾಡಿಯೊಂದರ ಮೇಲೆ ಬಗ್ಗಿ, ಕೈಯಲ್ಲೊಂದು ಬ್ಯಾಟರಿ ದೀಪ ಹಿಡಿದು, ಇಪ್ಪತ್ತು ಮೂವತ್ತು ವರ್ಷದ ಜಿಡ್ಡನ್ನು ಉಗುರಿನಿಂದ ಕೆರೆದು, ಮೂರು ಅಂಕಿಗಳನ್ನು ಓದಲು ಹೆಣಗುತ್ತಿದ್ದರೆ ಆಶ್ಚರ್ಯಪಡಬೇಡಿ.